ಮೂರನೇ ತಿರುವಿನ ನೆಲ

ನಮ್ಮ ಊರಿನ ರೇಸ್ ತಂಡ ಹನ್ನೊಂದು ವರ್ಷದಲ್ಲಿ ಗೆದ್ದದ್ದು ಒಂದೇ ಒಂದು ಕಪ್. ಅದೂ ಓಟಕ್ಕಲ್ಲ. ಶಿಸ್ತಾಗಿ ಬಟ್ಟೆ ಹಾಕಿಕೊಂಡು ಬಂದ ತಂಡ ಎಂದು ಸಮಾಧಾನಕ್ಕೆ ಕೊಟ್ಟದ್ದು. ಗ್ಯಾರೇಜಿನವನು ಅದನ್ನು ಕಿಟಕಿಯ ಮೇಲಿಟ್ಟು ಒಳಗೆ ವಾಷರುಗಳನ್ನು ತುಂಬಿಸಿಡುತ್ತಿದ್ದ. ಆ ಕಪ್ ಕೊನೆಗೂ ಒಂದು ಉಪಯೋಗಕ್ಕೆ ಬಂತು ಎಂದು ಬೇಕರಿಯ ಬೆಂಚಿನಲ್ಲಿ ಮೊದಲು ಹೇಳಿದವನು ನಾನು. ಎಲ್ಲರೂ ನಕ್ಕರು. ಎಲೆ ಅಡಿಕೆ ಬಿಟ್ಟ ಮೇಲೆ ನನಗೆ ಉಳಿದಿದ್ದ ಚಟ ಅದೊಂದೇ, ನಾಲ್ಕು ಜನರನ್ನು ಇನ್ನೊಬ್ಬರ ಮೇಲೆ ನಗಿಸುವುದು. ಆ ಚಟ ಏನು ಮಾಡಿತು ಎಂಬುದನ್ನು ಬರೆಯಲು ಕುಳಿತಿದ್ದೇನೆ.

ತಂಡ ಅಂದರೆ ದೊಡ್ಡದೇನಲ್ಲ. ಒಬ್ಬ ಅಪ್ಪ, ಒಬ್ಬಳು ಮಗಳು, ಒಂದು ಗಾಡಿ. ಅಪ್ಪನಿಗೆ ನಾಪೋಕ್ಲು ಪೇಟೆಯ ಕೊನೆಯಲ್ಲಿ ಗ್ಯಾರೇಜು. ಗಾಡಿ ಕಟ್ಟುವವನು ಅವನು, ಓಡಿಸುವವಳು ಮಗಳು. ಪ್ರತಿ ವರ್ಷ ಕೊಯ್ಲು ಮುಗಿದು ಗದ್ದೆ ಒಣಗಿದ ಮೇಲೆ ನಮ್ಮ ಕಡೆ ಆಟೋಕ್ರಾಸ್ ನಡೆಯುತ್ತದೆ. ಬದುಗಳನ್ನು ಸಮ ಮಾಡಿ, ಹಗ್ಗ ಕಟ್ಟಿ, ಗದ್ದೆಯಲ್ಲೇ ಸುತ್ತು ಹಾದಿ ಮಾಡಿ, ಗಡಿಯಾರ ಹಿಡಿದು ಒಂದೊಂದೇ ಕಾರನ್ನು ಬಿಡುತ್ತಾರೆ. ಕಡಿಮೆ ಹೊತ್ತಿನಲ್ಲಿ ಸುತ್ತು ಮುಗಿಸಿದವರು ಗೆದ್ದರು. ಕುಟ್ಟದಿಂದ, ಮಡಿಕೇರಿಯಿಂದ, ಮೈಸೂರಿನಿಂದಲೂ ಗಾಡಿಗಳು ಬರುತ್ತವೆ. ನಮ್ಮದು ಬರುತ್ತಿತ್ತು, ಸೋಲುತ್ತಿತ್ತು. ಒಂದು ವರ್ಷ ಬಾನೆಟ್ ಹಾರಿತು. ಇನ್ನೊಂದು ವರ್ಷ ಮುಗಿತಾಯದ ಗೆರೆಗೆ ಎರಡು ಮಾರು ಇರುವಾಗ ಇಂಜಿನ್ ನಿಂತಿತು. ಆಗ ಆ ಹುಡುಗಿ ಇಳಿದು ಗಾಡಿಯನ್ನು ತಳ್ಳಿಕೊಂಡು ಗೆರೆ ದಾಟಿಸಿದಳು. ಜನ ಚಪ್ಪಾಳೆ ತಟ್ಟಿದರು. ನಾನು ಬೆಂಚಿನಲ್ಲಿ, "ನಡೆದುಕೊಂಡು ಬಂದಿದ್ದರೆ ಇನ್ನೂ ಬೇಗ ಬರ್ತಿದ್ಲು" ಅಂದೆ.

ಬೆಂಚಿನ ಬಗ್ಗೆಯೂ ಹೇಳಬೇಕು, ಏಕೆಂದರೆ ತೀರ್ಪು ಕೊಡುವ ಅಧಿಕಾರ ಯಾರ ಕೈಯಲ್ಲಿತ್ತು ಎಂಬುದು ಗೊತ್ತಾಗಲಿ. ಬೇಕರಿಯ ಯಜಮಾನ ಮಲಯಾಳಿ, ಎಲ್ಲರಿಗೂ ಕಾಕಾ. ಅವನಿಗೆ ಲೈಸೆನ್ಸೇ ಇಲ್ಲ. ನಿವೃತ್ತ ಪಿ.ಟಿ. ಮೇಷ್ಟ್ರು ಸ್ಕೂಟರನ್ನು ಇಳಿಜಾರಿನಲ್ಲಿ ಎರಡೂ ಕಾಲು ನೆಲಕ್ಕೆ ಸವರಿಕೊಂಡು ಓಡಿಸುವವರು. ಹೊರದೇಶದ ರೇಸುಗಳನ್ನು ಫೋನಿನಲ್ಲಿ ನೋಡಿ ನೋಡಿ ಅವರ ಬಾಯಲ್ಲಿ ದೊಡ್ಡ ಮಾತುಗಳು ಸೇರಿಕೊಂಡಿದ್ದವು. ಮನೆಯಲ್ಲಿ ಅರೆಭಾಷೆ ಮಾತಾಡುವ ಒಬ್ಬ ಜೀಪಿನವನಿದ್ದ. ಬಾಳೆಗೊನೆ, ಕೋಳಿಗೊಬ್ಬರ ಸಾಗಿಸುವವನು. ಅವನ ಜೀಪು ನಲವತ್ತು ದಾಟಿದ್ದನ್ನು ಯಾರೂ ನೋಡಿಲ್ಲ. ನಾಲ್ಕನೆಯವನು ನಾನು. ಶನಿವಾರಸಂತೆಯ ಕಡೆಯಿಂದ ಹತ್ತನೇ ಕ್ಲಾಸು ಮುಗಿಸಿ ಬಂದು, ಇಲ್ಲಿನ ಒಂದು ಎಸ್ಟೇಟಿನಲ್ಲಿ ಮೂವತ್ತೆಂಟು ವರ್ಷ ರೈಟರ್ ಆಗಿದ್ದವನು. ಹಾಜರಿ ಬರೆದೆ, ಕಾಫಿ ಪಿಕ್ಕಿಂಗ್ ಲೆಕ್ಕ ಬರೆದೆ, ಗದ್ದೆ ಕೆಲಸ ನೋಡಿಕೊಂಡೆ. ಕಾರಿನ ಸ್ಟಿಯರಿಂಗ್ ಹಿಡಿದದ್ದು ಒಮ್ಮೆ, ನಿಂತ ಗಾಡಿಯಲ್ಲಿ, ಫೋಟೋಕ್ಕೆ.

ಇಂಥ ನಾವು ನಾಲ್ಕು ಜನ ಸೇರಿ ಆ ತಂಡವನ್ನು ಹನ್ನೊಂದು ವರ್ಷ ವಿಚಾರಣೆ ಮಾಡಿದೆವು. ನಾವು ಅಭಿಮಾನಿಗಳು. ಅದನ್ನೂ ಹೇಳಬೇಕು. ಒಂದು ಸಲವೂ ಓಟ ತಪ್ಪಿಸಿಕೊಂಡವರಲ್ಲ.

ಹೋದ ವರ್ಷ ಮಳೆ ಬಿಡುವ ಹೊತ್ತಿಗೆ ಹೊಸ ಗಾಡಿಯ ಸುದ್ದಿ ಬಂತು.

"ಈ ಸಲ ಬೇರೆಯೇ ಗಾಡಿ ಅಂತೆ ರೈಟ್ರೇ," ಅಂದ ಜೀಪಿನವನು. "ಮೈಸೂರಿಂದ ತಂದದ್ದು. ಯಾರೋ ಡಾಕ್ಟರ ಮನೆಯದ್ದು."

"ಹಾಗಾದ್ರೆ ಆರೋಗ್ಯ ಚೆನ್ನಾಗಿರ್ಬೇಕು," ಅಂದೆ.

"ನಗ್ಬೇಡಿ. ಎಂಟು ತಿಂಗಳಿಂದ ಬಿಚ್ಚಿ ಕಟ್ತಾ ಇದ್ದಾನೆ. ಮಗುಚಿದ್ರೆ ಜೀವ ಉಳಿಸ್ಲಿಕ್ಕೆ ಒಳಗೆ ಪೈಪಿನ ಪಂಜರ ಎಲ್ಲ ಉಂಟು."

"ಪಂಜರ ಯಾರಿಗೆ? ಗಾಡಿ ಓಡಿಹೋಗ್ಬಾರದು ಅಂತಲಾ?"

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಪಂಜರ ಮುಖ್ಯ ಅಲ್ಲ. ಡೌನ್‌ಫೋರ್ಸ್ ಹೇಗಿದೆ ಅನ್ನೋದು ಮುಖ್ಯ."

"ಅದೆಂತ ಮೇಷ್ಟ್ರೇ?" ಕಾಕಾ ಬನ್ನಿನ ತಟ್ಟೆ ಹಿಡಿದುಕೊಂಡೇ ಕೇಳಿದ.

"ಗಾಳಿ ಗಾಡೀನ ಕೆಳಕ್ಕೆ ಒತ್ತೋದು."

"ನಮ್ಮ ರೋಡಲ್ಲಿ ಗುಂಡಿಯೇ ಕೆಳಗೆ ಎಳ್ಕೊಳ್ತದೆ. ಗಾಳಿ ಯಾಕೆ?"

ಜೀಪಿನವನೊಬ್ಬನೇ ಗಾಡಿಯ ಪರ. ಮುಂದಿನ ಎರಡು ಚಕ್ರಗಳ ನಡುವೆ ಗ್ಯಾರೇಜಿನವನು ಏನೋ ಹೊಸ ಭಾಗ ಕೂರಿಸಿದ್ದಾನೆ, ತಿರುವಿನಲ್ಲಿ ಎರಡೂ ಚಕ್ರ ಒಟ್ಟಿಗೆ ಎಳೆಯುತ್ತವೆ, ಗಾಡಿ ಹೊರಗೆ ಜಾರುವುದಿಲ್ಲ ಎಂದು ಅವನ ವಾದ. ನಾನು ಎಲ್ಲವನ್ನೂ ಕೇಳಿಸಿಕೊಂಡು ತೀರ್ಪು ಕೊಟ್ಟೆ. "ಬರೆದಿಟ್ಕೊಳ್ಳಿ. ಈ ಗಾಡಿ ನೇರಕ್ಕೆ ಓಡುತ್ತೆ. ತಿರುವಿನಲ್ಲಿ ಕೂರುತ್ತೆ. ಮೂರು ತಿರುವು ದಾಟಿದ್ರೆ ನನ್ನ ಹೆಸರು ಕರೀಬೇಡಿ."

ಯಾವ ಆಧಾರದ ಮೇಲೆ ಹೇಳಿದೆ? ಯಾವುದೂ ಇರಲಿಲ್ಲ. ಹನ್ನೊಂದು ವರ್ಷ ಸೋತವರು ಹನ್ನೆರಡನೆಯ ವರ್ಷವೂ ಸೋಲುತ್ತಾರೆ ಎಂಬುದಷ್ಟೇ ನನ್ನ ವಿದ್ಯೆ.

ಆ ಮಾತು ಊರೆಲ್ಲ ಸುತ್ತಿ ಗ್ಯಾರೇಜಿಗೂ ಹೋಯಿತು. ಒಂದು ಸಂಜೆ ಗ್ಯಾರೇಜಿನವನು ಬ್ರೆಡ್ ಕೊಳ್ಳಲು ಬೇಕರಿಗೆ ಬಂದ. ಸಾಮಾನ್ಯವಾಗಿ ಮಾತು ಕಡಿಮೆ. ಬ್ರೆಡ್ ಕಂಕುಳಲ್ಲಿಟ್ಟುಕೊಂಡು ಹೊರಟವನನ್ನು ನಾನೇ ತಡೆದೆ.

"ಏನಯ್ಯ, ಈ ಸಲ ಕಪ್ ಬಂದ್ರೆ ವಾಷರ್ ಎಲ್ಲಿಡ್ತೀಯ?"

ಮೇಷ್ಟ್ರು ಕೆಮ್ಮಿದ ಹಾಗೆ ನಕ್ಕರು. ಅವನು ನಿಂತ. ಮುಖ ಕೆಂಪಾಗಲಿಲ್ಲ, ಏನೂ ಆಗಲಿಲ್ಲ.

"ರೈಟ್ರೇ, ಈ ಸಲ ಮೊದಲ ಮೂರರೊಳಗೆ ಬರ್ದಿದ್ರೆ ಗಾಡಿ ಮೇಲಿನ ರೇಸ್ ನಂಬರ್ ಕೆರೆದು ತೆಗೀತೀನಿ. ಸೀಟು ಹಾಕಿ ಬಾಡಿಗೆಗೆ ಬಿಡ್ತೀನಿ. ತಂಡ ಅಲ್ಲಿಗೆ ಮುಗೀತು. ಆಮೇಲೆ ನೀವು ನಗೋಕೆ ಬೇರೆ ಯಾರನ್ನಾದ್ರೂ ಹುಡುಕ್ಕೊಳ್ಳಿ."

ಅವನು ಹೋದ ಮೇಲೆ ಜೀಪಿನವನು, "ಎಂಥಕ್ಕೆ ಬೇಕಿತ್ತು ಮಾರಾಯ್ರೆ ಅದು? ಅವ ಹೇಳಿದ್ರೆ ಮಾಡುವವ," ಅಂದ. ಮಾಡುವವನೇ ಎಂದು ನನಗೂ ಗೊತ್ತಿತ್ತು. ಆದರೂ ನನ್ನ ಮಾತಿಗೆ ಅಷ್ಟು ಬೆಲೆ ಬಂತಲ್ಲ ಎಂದು ಒಳಗೊಳಗೇ ಹಿಗ್ಗಿದೆ. ಇದು ಬರೆಯಲು ನಾಚಿಕೆಯಾಗುವ ಮಾತು, ಬರೆದಿದ್ದೇನೆ.

ಓಟಕ್ಕೆ ವಾರವಿದ್ದಾಗ ಒಂದು ಬೆಳಿಗ್ಗೆ ನಾನು ಮುಚ್ಚಿದ ಅಕ್ಕಿ ಮಿಲ್ಲಿನ ಹಿಂದಿನ ದಾರಿಯಲ್ಲಿ ಬರುತ್ತಿದ್ದೆ. ಮಿಲ್ಲಿನ ಕಣದಲ್ಲಿ ಇಂಜಿನ್ನಿನ ಸದ್ದು. ಗೋಡೆ ಕುಸಿದ ಕಡೆಯಿಂದ ಇಣುಕಿದೆ. ಮೂರು ಖಾಲಿ ಡ್ರಮ್ಮುಗಳನ್ನು ನಿಲ್ಲಿಸಿದ್ದರು. ಒಂದೊಂದರ ಮೇಲೂ ಸ್ಟೀಲಿನ ಲೋಟ, ಲೋಟದಲ್ಲಿ ನೀರು. ಬಿಳಿ ಗಾಡಿ, ಬದಿಯಲ್ಲಿ ನೀಲಿ ಪಟ್ಟೆ. ಆ ಹುಡುಗಿ ಡ್ರಮ್ಮಿಗೆ ಒಂದು ಗೇಣು ಬಿಟ್ಟು ಗಾಡಿಯನ್ನು ಸುತ್ತಿಸುತ್ತಿದ್ದಳು. ನಿಧಾನಕ್ಕಲ್ಲ. ಧೂಳು ಎದ್ದಿತು, ಹಿಂಭಾಗ ಸ್ವಲ್ಪವೂ ಆಚೆ ಹೋಗಲಿಲ್ಲ. ಹಗ್ಗ ಕಟ್ಟಿ ಎಳೆದ ಹಾಗೆ ಗಾಡಿ ಒಳಬದಿಗೇ ಅಂಟಿಕೊಂಡು ತಿರುಗಿತು. ಮೂರು ಡ್ರಮ್ಮು ಸುತ್ತಿ ಬಂದಳು. ಲೋಟಗಳು ನಿಂತೇ ಇದ್ದವು. ಅಪ್ಪ ವಾಚು ನೋಡಿ ತಲೆ ಆಡಿಸಿದ.

ಗಾಡಿಯ ವಿದ್ಯೆ ಗೊತ್ತಿಲ್ಲದ ನನಗೂ ಗೊತ್ತಾಯಿತು. ಇದು ಗೆಲ್ಲುವ ಗಾಡಿ.

ಅಂದು ಬೆಂಚಿನಲ್ಲಿ ಕಾಕಾ ಕೇಳಿದ, "ರೈಟರೇ, ಮಿಲ್ಲಿನ ಹತ್ರ ಪ್ರಾಕ್ಟೀಸ್ ಉಂಟಂತೆ. ನೋಡಿದ್ರಾ?"

"ನೋಡಿದೆ," ಅಂದೆ. "ಡ್ರಮ್ಮುಗಳು ಚೆನ್ನಾಗಿ ನಿಂತಿದ್ದವು."

ಮತ್ತೆ ನಗು.

ಈಗ ಗದ್ದೆಯ ವಿಷಯ. ಆ ವರ್ಷ ಓಟಕ್ಕೆ ಗೊತ್ತು ಮಾಡಿದ್ದು ನಮ್ಮ ಎಸ್ಟೇಟಿನ ಕೆಳಗಿನ ಗದ್ದೆಯನ್ನೇ. ಅದರ ಒಂದೊಂದು ಮಡಿಯೂ ನನಗೆ ಗೊತ್ತು. ತೋಟದ ದಿಣ್ಣೆ ಇಳಿದು ಗದ್ದೆ ಸೇರುವ ಮೂಲೆಯಲ್ಲಿ ಒಂದು ಒರತೆ ಇದೆ. ಮೇಲೆ ಕಾಣುವುದಿಲ್ಲ. ಪ್ರತಿ ನವೆಂಬರಿನಲ್ಲಿ ಅಲ್ಲಿ ದಿಣ್ಣೆಯ ಬುಡಕ್ಕೆ ಮೊಣಕಾಲುದ್ದ ಕಾಲುವೆ ಕಡಿದು ನೀರನ್ನು ಪಕ್ಕದಲ್ಲಿ ಹರಿಯುವ ತೋಡಿಗೆ ಬಿಡಬೇಕು. ಬಿಟ್ಟರೆ ಮಾತ್ರ ಕೊಯ್ಲಿಗೆ ನೆಲ ಗಟ್ಟಿಯಾಗುತ್ತದೆ. ಮೂವತ್ತೆಂಟು ವರ್ಷವೂ ನಾನು ನಿಂತು ಆ ಕಾಲುವೆ ಕಡಿಸಿದ್ದೆ. ನಾನು ಕೆಲಸ ಬಿಟ್ಟ ಮೇಲೆ ಎಸ್ಟೇಟಿನವರು ಬತ್ತ ನಿಲ್ಲಿಸಿದರು. ಗದ್ದೆ ಪಾಳು ಬಿದ್ದಿತು. ಕಾಲುವೆ ಕಡಿಯುವವರಿಲ್ಲ. ಮೇಲೆ ಬಿಸಿಲಿಗೆ ಒಂದು ಗೇಣು ನೆಲ ಹೆಂಚಿನ ಹಾಗೆ ಒಣಗುತ್ತದೆ, ಬಿರುಕು ಬಿಡುತ್ತದೆ. ಅದರ ಕೆಳಗೆ ಗಂಜಿ. ಓಟ ನಡೆಸುವವರು ಹೊರಗಿನವರು. ದಿಣ್ಣೆಯ ಬುಡವೊಂದನ್ನು ಬಿಟ್ಟು ಟ್ರ್ಯಾಕ್ಟರು ಓಡಿಸಿ, ಬದು ಸಮ ಮಾಡಿ, ಗಟ್ಟಿ ನೆಲ ಎಂದು ತೃಪ್ತಿಪಟ್ಟಿದ್ದರು. ಮೂರನೇ ತಿರುವು ಸರಿಯಾಗಿ ಆ ಮೂಲೆಗೆ ಬಂದಿತ್ತು.

ಓಟದ ಹಿಂದಿನ ದಿನ ಟ್ರ್ಯಾಕಿನಲ್ಲಿ ಗಾಡಿ ಬಿಡುವುದಿಲ್ಲ, ಕಾಲ್ನಡಿಗೆಯಲ್ಲಿ ನೋಡಬಹುದು. ಗದ್ದೆ ಉತ್ತವರು ಯಾರಾದರೂ ಇದ್ದರೆ ಅವರನ್ನು ಜೊತೆಗೆ ಕರೆದುಕೊಂಡು ನಡೆಯುವುದು ನಮ್ಮ ಕಡೆಯ ರೂಢಿ. ಬೆಳಿಗ್ಗೆ ಗ್ಯಾರೇಜಿನವನು ನನ್ನ ಮನೆಯ ಅಂಗಳಕ್ಕೆ ಬಂದ. ಅಷ್ಟೆಲ್ಲ ಮಾತು ಕೇಳಿದ ಮೇಲೂ ಬಂದ.

"ಆ ಗದ್ದೆ ನಿಮ್ಮಷ್ಟು ಗೊತ್ತಿರೋರು ಇಲ್ಲ ರೈಟ್ರೇ. ಒಂದು ಸಲ ನಮ್ಮ ಜೊತೆ ನಡೀರಿ."

ಹೋದೆ. ಅಪ್ಪ ಮುಂದೆ, ನಾನು ಅವನ ಹಿಂದೆ, ಮಗಳು ಕೊನೆಯಲ್ಲಿ ಒಂದು ನೋಟ್ ಪುಸ್ತಕ ಹಿಡಿದುಕೊಂಡು. ಮೊದಲ ತಿರುವು, ಎರಡನೆಯದು. ಅಲ್ಲಿ ಹಳೇ ಬದುವಿನ ಕಲ್ಲು ಒಂದಿತ್ತು, ತೋರಿಸಿದೆ. ಬರೆದುಕೊಂಡಳು. ಮೂರನೆಯದಕ್ಕೆ ಬಂದೆವು. ಅವನು ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕುಳಿತು ಬೆರಳಿಟ್ಟು ತೋರಿಸಿದ.

"ಎಲ್ರೂ ಇಲ್ಲಿ ಹೊರಗಿನಿಂದ ಅಗಲಕ್ಕೆ ತಿರುಗ್ತಾರೆ. ಅವರ ಗಾಡಿ ಒಳಗೆ ನಿಲ್ಲೋದಿಲ್ಲ. ನಮ್ಮದು ದಿಣ್ಣೆಗೆ ಒತ್ಕೊಂಡು ಒಳಗಿನಿಂದ ಬರುತ್ತೆ. ಈ ಒಂದು ತಿರುವಲ್ಲೇ ನಾವು ಗೆಲ್ಲೋದು." ತಲೆ ಎತ್ತಿ ನನ್ನನ್ನು ನೋಡಿದ. "ಇಲ್ಲಿ ನೆಲ ಹೇಗೆ ರೈಟ್ರೇ?"

ಉತ್ತರ ಎರಡು ಮಾತಿನದು. ನೀರಿದೆ, ಬರಬೇಡಿ. ಅವು ಬಾಯಿಯವರೆಗೆ ಬಂದಿದ್ದವು. ಅದೇ ಹೊತ್ತಿಗೆ ಬೆಂಚು ನೆನಪಾಯಿತು. ಮೂರು ತಿರುವು ದಾಟಿದ್ರೆ ನನ್ನ ಹೆಸರು ಕರೀಬೇಡಿ ಎಂದ ನನ್ನದೇ ಮಾತು, ಡ್ರಮ್ಮಿನ ಮೇಲಿನ ಲೋಟ, ಅವಳು ಗೆದ್ದರೆ ನಾಳೆ ಸಂಜೆ ಮೇಷ್ಟ್ರ ಮುಖ ಹೇಗಿರುತ್ತದೆ ಎಂಬುದು, ಎಲ್ಲವೂ.

"ನೆಲಕ್ಕೇನಾಗಿದೆ?" ಅಂದೆ. "ನಿಮ್ಮ ಗಾಡಿ ಹೇಗಿದೆ ನೋಡ್ಕೊಳ್ಳಿ."

ಅವನು ನಕ್ಕ. ನನ್ನ ಮಾತು ಯಾವಾಗಲೂ ಹಾಗೇ ಅಲ್ಲವೇ. ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡು ಮುಂದೆ ನಡೆದ.

ಮರುದಿನ ನಮ್ಮ ಗಾಡಿಗೆ ಬಂದದ್ದು ಹತ್ತೊಂಬತ್ತನೇ ಸರದಿ. ಮೊದಲ ಹದಿನೆಂಟು ಗಾಡಿಗಳೂ ಮೂರನೇ ತಿರುವಿನಲ್ಲಿ ಹೊರಗಿನಿಂದಲೇ ಹೋದವು. ಅವರಿಗೆ ಏನೂ ಆಗಲಿಲ್ಲ. ನಾವು ನಾಲ್ವರೂ ದಿಣ್ಣೆಯ ಮೇಲೆ ಕಾಫಿ ಗಿಡಗಳ ಮುಂದೆ ನಿಂತಿದ್ದೆವು. ಬಿಳಿ ಗಾಡಿ ಹೊರಟಿತು. ಮೊದಲ ತಿರುವಿನಲ್ಲೇ ಜನ ಮಾತು ನಿಲ್ಲಿಸಿದರು. ಎರಡನೆಯದರಲ್ಲಿ ಕಲ್ಲಿನ ಪಕ್ಕದಲ್ಲೇ ಗೇಣು ಬಿಟ್ಟು ಹೋದಳು. "ನೋಡಿ ನೋಡಿ," ಅಂದ ಜೀಪಿನವನು. ಮೂರನೆಯದಕ್ಕೆ ದಿಣ್ಣೆಗೆ ಒತ್ತಿಕೊಂಡು ಒಳಬದಿಗೆ ಬಂದಳು. ಗಾಡಿ ತಿರುಗಿತು. ಇದನ್ನು ನಾನು ಕಣ್ಣಾರೆ ಕಂಡೆ, ಅರ್ಧ ತಿರುವು ಮುಗಿಸಿತ್ತು. ಆಮೇಲೆ ಮೇಲಿನ ಹೆಂಚು ಒಡೆಯಿತು. ಎಡ ಮುಂಚಕ್ರ ಕೆಳಗೆ ಹೋಯಿತು. ಗಾಡಿ ಮೂಗು ಊರಿ ನಿಂತಿತು, ಕಪ್ಪು ಕೆಸರು ಗಾಜಿನವರೆಗೆ ಎರಚಿತು.

ಜನ ನಕ್ಕರು. ಒಣಗಿದ ಗದ್ದೆಯಲ್ಲಿ ಹೂತುಹೋದ ಗಾಡಿ ನೋಡಲು ತಮಾಷೆಯೇ. ಟ್ರ್ಯಾಕ್ಟರು ಬಂದು ಎಳೆಯಿತು. ಅಲ್ಲಿದ್ದ ಯಾರಿಗೂ ಒರತೆಯ ಯೋಚನೆ ಬರಲಿಲ್ಲ. ಗಾಡಿ ತಿರುವಿನಲ್ಲಿ ಮೂಗು ಒತ್ತಿತು, ಮುಂದೆ ಭಾರ ಹೆಚ್ಚಾಯಿತು, ಅದಕ್ಕೇ ನೆಲ ಅಗೆದುಕೊಂಡು ಇಳಿಯಿತು ಎಂದು ಮೇಷ್ಟ್ರು ಅಲ್ಲೇ ಪಾಠ ಶುರು ಮಾಡಿದರು.

ಸಂಜೆ ಬೆಂಚಿನಲ್ಲಿ ನನಗೆ ಸನ್ಮಾನವೊಂದೇ ಬಾಕಿ. "ರೈಟ್ರು ಹೇಳಿದ್ದು ಹೇಳಿದ ಹಾಗೇ. ಮೂರನೇ ತಿರುವು," ಅಂದರು ಮೇಷ್ಟ್ರು. ಕಾಕಾ ಒಂದು ಮೊಟ್ಟೆ ಪಫ್ ತಂದು ಕೈಗಿಟ್ಟ. "ಇದು ನನ್ನ ಲೆಕ್ಕ." ನಾನು ಅದನ್ನು ತಿಂದೆ. ಪೂರ್ತಿ ತಿಂದೆ. ಗಂಟಲಲ್ಲಿ ಇಳಿಯಲಿಲ್ಲ ಎಂದೆಲ್ಲ ಬರೆದರೆ ಸುಳ್ಳಾಗುತ್ತದೆ. ಚೆನ್ನಾಗಿಯೇ ಇಳಿಯಿತು.

ಸೋಮವಾರ ಅವನು ಗ್ಯಾರೇಜಿನ ಮುಂದೆ, ದಾರಿಯಲ್ಲಿ ಹೋಗುವವರೆಲ್ಲ ನೋಡುವ ಹಾಗೆ, ಬ್ಲೇಡು ಹಿಡಿದು ಗಾಡಿಯ ಬಾಗಿಲಿನ ನಂಬರ್ ಕೆರೆದು ತೆಗೆದ. ಪಂಜರ ಬಿಚ್ಚಿದ. ಹಿಂದಿನ ಸೀಟು ಕೂರಿಸಿದ. ತಿಂಗಳೊಳಗೆ ಹಳದಿ ಬೋರ್ಡು ಬಂತು. ಮಗಳು ಬಾಡಿಗೆಗೆ ಓಡಿಸತೊಡಗಿದಳು. ಬೆಂಚಿನಲ್ಲಿ ಮಾತಿಗೆ ವಿಷಯವಿಲ್ಲದೆ ನಾವು ಹವಾಮಾನದ ಬಗ್ಗೆ ಜಗಳವಾಡತೊಡಗಿದೆವು.

ಜುಲೈಯಲ್ಲಿ ನನಗೆ ಕಣ್ಣಿನ ಪೊರೆ ತೋರಿಸಲು ಮಡಿಕೇರಿಗೆ ಹೋಗಬೇಕಾಯಿತು. ಮಳೆಗೆ ಮರ ಬಿದ್ದು ಬಸ್ಸಿರಲಿಲ್ಲ. ಕಾಕಾ ಫೋನ್ ಮಾಡಿ ಗಾಡಿ ಕರೆಸಿದ. ಬಂದದ್ದು ಆ ಬಿಳಿ ಗಾಡಿ. ಮುಂದೆ ಕುಳಿತೆ. ಕಾಲ ಬಳಿ ಪಂಜರದ ಬೋಲ್ಟು ಇದ್ದ ತೂತುಗಳಿಗೆ ರಬ್ಬರಿನ ಬಿರಡೆ ಹಾಕಿದ್ದರು. ಹೋಗುವಾಗಲೂ ಬರುವಾಗಲೂ ನನ್ನ ಕಾಲಿನ ಹೆಬ್ಬೆರಳು ಆ ಬಿರಡೆಯ ಮೇಲೇ ಹೋಗುತ್ತಿತ್ತು. ಅವಳು ತಿರುವುಗಳಲ್ಲಿ ಗಾಡಿಯನ್ನು ಎಷ್ಟು ಮೆತ್ತಗೆ ತಿರುಗಿಸುತ್ತಿದ್ದಳೆಂದರೆ ನನ್ನ ತೊಡೆಯ ಮೇಲಿನ ಫೈಲು ಜರುಗಲಿಲ್ಲ.

"ಅಪ್ಪ ಹೇಗಿದ್ದಾನಮ್ಮ?" ಎಂದು ಮರಳುವ ದಾರಿಯಲ್ಲಿ ಕೇಳಿದೆ.

"ಇದ್ದಾರೆ ಅಂಕಲ್. ಬೇರೆ ಗಾಡಿ ಕೆಲಸ ಒಪ್ಕೊಳ್ಳೋದು ಕಡಿಮೆ ಮಾಡಿದ್ದಾರೆ. ಆ ಮುಂದಿನ ಚಕ್ರದ ಪಾರ್ಟ್ ಇದೆಯಲ್ಲ, ಅದನ್ನ ಬಿಚ್ತಾರೆ, ಜೋಡಿಸ್ತಾರೆ. ಐದು ತಿಂಗಳಾಯ್ತು. ಎಲ್ಲಿ ತಪ್ಪಿದೆ ಅಂತ ಗೊತ್ತಾಗ್ತಿಲ್ಲ ಅಂತಾರೆ. ಕೆಲಸ ಮರ್ತು ಹೋಗಿದೆ ನಂಗೆ ಅಂತಾರೆ."

ಆಗ ಹೇಳಿದೆ. ಒರತೆ, ಕಾಲುವೆ, ನನಗೆ ಗೊತ್ತಿದ್ದದ್ದು, ನಾನು ಹೇಳದೆ ಇದ್ದದ್ದು. ವೈಪರ್ ಹೊರಳುತ್ತಿತ್ತು. ಅವಳು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

"ನೀವು ಆ ಮೂಲೆಯಲ್ಲಿ ಸುತ್ತು ಹಾಕಿ ನಡೆದ್ರಿ," ಅಂದಳು. "ಅಪ್ಪ ನೇರ ಹೋದ್ರು. ನೀವು ಅವರ ಹಿಂದೆ ಬರ್ತಿದ್ದವರು ಅಲ್ಲಿ ಮಾತ್ರ ಕಾಲು ಆಚೆ ಹಾಕಿ ಸುತ್ತಿ ಬಂದ್ರಿ. ನಾನು ಹಿಂದಿನಿಂದ ನೋಡ್ದೆ. ಮಂಡಿ ನೋವೇನೋ ಅಂದ್ಕೊಂಡೆ."

ಅದು ನನಗೇ ಗೊತ್ತಿರಲಿಲ್ಲ. ನಾಲಿಗೆ ಸುಳ್ಳು ಹೇಳಿದ ಜಾಗದಲ್ಲಿ ಕಾಲು ತನ್ನ ಮೂವತ್ತೆಂಟು ವರ್ಷದ ಅಭ್ಯಾಸದಂತೆ ನಡೆದುಕೊಂಡಿತ್ತು.

"ನನಗೆ ಹೇಳಿ ಏನಾಗ್ಬೇಕು ಅಂಕಲ್?" ಅಂದಳು. ಪೇಟೆ ಬಂದಾಗ ನನ್ನ ಮನೆಯ ದಾರಿಗೆ ತಿರುಗಿಸಲಿಲ್ಲ. ಗ್ಯಾರೇಜಿನ ಮುಂದೆ ನಿಲ್ಲಿಸಿದಳು.

ಅವನು ಗೋಣಿಚೀಲ ಹಾಸಿಕೊಂಡು ಕುಳಿತಿದ್ದ. ಮುಂದೆ ಆ ಭಾಗ, ಹಲ್ಲಿನ ಚಕ್ರಗಳು ಸಾಲಾಗಿ. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಬೈಯುತ್ತಾನೆ ಎಂದುಕೊಂಡಿದ್ದೆ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಅವನು ಒಂದು ಹಲ್ಲಿನ ಚಕ್ರವನ್ನು ಬಟ್ಟೆಯಿಂದ ಒರೆಸುತ್ತಲೇ ಇದ್ದ.

"ಹಾಗಾದ್ರೆ ಗಾಡಿ ತಿರುಗಿತ್ತು?"

"ತಿರುಗಿತ್ತು. ಮಿಲ್ಲಿನ ಕಣದಲ್ಲೂ ನೋಡಿದ್ದೆ. ಅಷ್ಟು ಚೆನ್ನಾಗಿ ತಿರುಗೋ ಗಾಡಿ ಓಟಕ್ಕೆ ಇನ್ನೊಂದು ಬಂದಿರ್ಲಿಲ್ಲ."

"ಐದು ತಿಂಗಳು," ಅಂದ. ನನಗಲ್ಲ, ಆ ಚಕ್ರಕ್ಕೆ. ಎಲ್ಲವನ್ನೂ ಒಂದು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದ. "ಹೋಗಿ ರೈಟ್ರೇ. ಮಳೆ ಜೋರಾಗ್ತದೆ."

ಬೆಂಚಿನಲ್ಲೂ ಹೇಳಿದೆ. ಅವರು ನಂಬಲಿಲ್ಲ. "ವಯಸ್ಸಾಯ್ತು ರೈಟ್ರಿಗೆ, ಈಗ ಪಾಪ ಅನ್ನಿಸ್ತಾ ಇದೆ," ಅಂದರು ಮೇಷ್ಟ್ರು. "ಒರತೆ ಇದ್ರೂ ಇಲ್ದಿದ್ರೂ ಗಾಡಿಯ ಮುಂದೆ ಭಾರ ಹೆಚ್ಚು. ಅದು ವಿಜ್ಞಾನ." ಜೀಪಿನವನು ಮಾತ್ರ ನನ್ನನ್ನು ಒಮ್ಮೆ ನೋಡಿದ, ಎದ್ದು ಹೋದ. ಆಮೇಲೆ ನನ್ನ ಜೊತೆ ಅವನಿಗೆ ಮಾತಿಲ್ಲ. ಅವನೊಬ್ಬನೇ ನಿಜವಾದ ಅಭಿಮಾನಿ.

ಈ ನವೆಂಬರಿನಲ್ಲಿ ಎಸ್ಟೇಟಿನವರ ಒಪ್ಪಿಗೆ ಕೇಳಿ, ಗುದ್ದಲಿ ತೆಗೆದುಕೊಂಡು ಆ ಮೂಲೆಗೆ ಹೋಗುತ್ತಿದ್ದೇನೆ. ಮೂವತ್ತೆಂಟು ವರ್ಷ ನಿಂತು ಕಡಿಸಿದವನಿಗೆ ಕಡಿಯುವುದು ಎಷ್ಟು ಕಷ್ಟ ಎಂದು ಈಗ ತಿಳಿಯುತ್ತಿದೆ. ದಿನಕ್ಕೆ ಎರಡು ಮಾರು ಹೋದರೆ ಹೆಚ್ಚು. ಬೇಕರಿಯ ಮುಂದೆ ಗುದ್ದಲಿ ಹೊತ್ತು ಹಾದುಹೋಗುವಾಗ ಮೇಷ್ಟ್ರು, "ರೈಟ್ರು ಪಿಟ್ ಸ್ಟಾಪಿಗೆ ಹೊರಟ್ರು," ಅನ್ನುತ್ತಾರೆ. ರೇಸಿನ ನಡುವೆ ಗಾಡಿ ರಿಪೇರಿಗೆ ನಿಲ್ಲುವುದಕ್ಕೆ ಅವರು ಫೋನಿನಿಂದ ಕಲಿತ ಹೆಸರು ಅದು. ಕಾಕಾ ನಗುತ್ತಾನೆ. ನಗಲಿ. ಆ ನಗುವನ್ನು ಅವರಿಗೆ ಕಲಿಸಿದವನು ನಾನು.

ಮೊನ್ನೆ ಕಡಿಯುತ್ತಿದ್ದಾಗ ಬದುವಿನ ಮೇಲೆ ಗ್ಯಾರೇಜಿನವನು ನಿಂತಿದ್ದ. ಎಷ್ಟು ಹೊತ್ತಿನಿಂದಲೋ. ಇಳಿದು ಬಂದು ಮೂಲೆಯಲ್ಲಿ ಹಿಮ್ಮಡಿ ಊರಿ ಒತ್ತಿ ನೋಡಿದ.

"ಇಲ್ಲಿ ನೆಲ ಹೇಗೆ ರೈಟ್ರೇ?"

"ಇನ್ನೂ ನೀರಿದೆ," ಅಂದೆ. "ಈ ವರ್ಷ ಒಳಗಿನಿಂದ ಆಗೋದಿಲ್ಲ. ನಾನು ಪೂರ್ತಿ ಕಡಿದ್ರೂ ಆಗೋದಿಲ್ಲ. ಮುಂದಿನ ವರ್ಷಕ್ಕೆ ನೋಡ್ಬೇಕು."

ಅವನು ಮೂರನೇ ತಿರುವನ್ನು ಹೊರಗಿನಿಂದ ಒಮ್ಮೆ, ಒಳಗಿನಿಂದ ಒಮ್ಮೆ ಹೆಜ್ಜೆ ಹಾಕಿ ಅಳೆದ. ಒರತೆಯ ಹತ್ತಿರ ಬಂದಾಗ ಸುತ್ತು ಹಾಕಿ ನಡೆದ. ಆಮೇಲೆ ಬದು ಹತ್ತಿ ಹೋದ.